ತೇಲಿದ ಟೋಪಿ, ಬೇಲಿಯಾಚೆಯ ತಾಯಿ

ಪ್ರಶ್ನೆ: ನಾನು ಹೈಸ್ಕೂಲಿನಲ್ಲಿದ್ದಾಗ, 1979ರ ಆಸುಪಾಸಿನಲ್ಲಿ, ಸಾಗರದ ಹತ್ತಿರದ ನಮ್ಮ ಊರಿನ ಶಾಲೆಯ ಅಂಗಳದಲ್ಲಿ ಬಿಳಿ ಪಂಚೆ ಕಟ್ಟಿ ಒಂದು ಕಪ್ಪುಬಿಳುಪು ಇಂಗ್ಲಿಷ್ ಚಿತ್ರ ತೋರಿಸಿದರು. ಯುದ್ಧದಲ್ಲಿ ನೆಲಸಮವಾದ ಊರು, ಎಲ್ಲಿ ನೋಡಿದರೂ ಇಟ್ಟಿಗೆಯ ರಾಶಿ. ಒಬ್ಬ ಹುಡುಗ ಏನು ಕೇಳಿದರೂ ಒಂದೇ ಉತ್ತರ ಕೊಡುತ್ತಿದ್ದ. ಜೀಪಿನಲ್ಲಿ ಬಂದ ಅಮೆರಿಕದ ಸೈನಿಕನೊಬ್ಬ ಅವನಿಗೆ ತಿನ್ನಲು ಕೊಟ್ಟು, ಮನೆಗೆ ಕರೆದೊಯ್ದು ಇಂಗ್ಲಿಷ್ ಕಲಿಸಿದ. ತಂತಿಬೇಲಿಯೊಂದು ನೆನಪಿದೆ, ನದಿಯಲ್ಲಿ ಸಿಕ್ಕ ಟೋಪಿಯೂ ನೆನಪಿದೆ. ಹುಡುಗ ಮುಳುಗಿ ಸತ್ತ ಎಂದು ನನ್ನ ಅಣ್ಣ ಹೇಳುತ್ತಾನೆ, ಕೊನೆಗೆ ಅವನ ತಾಯಿ ಸಿಕ್ಕಳು ಎಂದು ನಾನು. ನಲವತ್ತು ವರ್ಷಗಳಿಂದ ಈ ಜಗಳ ನಡೆದಿದೆ. ಅದು ಯಾವ ಚಿತ್ರ? ನಿಜವಾಗಿ ನಡೆದ ಕಥೆಯೇ? ಆ ಹುಡುಗ ಮುಂದೆ ಏನಾದ? ಒಂಬತ್ತು ವರ್ಷದ ಮೊಮ್ಮಗಳಿಗೆ ತೋರಿಸಬಹುದೇ?

ಉತ್ತರ: ನೀವು ಹೇಳುತ್ತಿರುವುದು ‘ದಿ ಸರ್ಚ್’. 1948ರ ಚಿತ್ರ, ನಿರ್ದೇಶಕರು ಫ್ರೆಡ್ ಜಿನ್ನೆಮನ್. ತಾಯಿ ಸಿಗುತ್ತಾಳೆ, ಆದ್ದರಿಂದ ನೀವು ಗೆದ್ದಿರಿ. ಆದರೆ ಅಣ್ಣನವರನ್ನು ಪೂರ್ತಿ ಸೋಲಿಸುವ ಹಾಗಿಲ್ಲ. ಆ ನದಿಯಲ್ಲಿ ಒಬ್ಬ ಹುಡುಗ ನಿಜವಾಗಿಯೂ ಮುಳುಗುತ್ತಾನೆ. ಯಾರು ಎಂಬುದಕ್ಕೆ ಮುಂದೆ ಬರುತ್ತೇನೆ.

ಮೊದಲು, ಇದೇ ಚಿತ್ರ ಎಂದು ಇಷ್ಟು ಖಚಿತವಾಗಿ ಹೇಗೆ ಹೇಳುತ್ತೇನೆ ಎಂಬ ಮಾತು. ಯುದ್ಧ ಮತ್ತು ಮಗು ಎಂದೊಡನೆ ನಾಲ್ಕೈದು ಚಿತ್ರಗಳು ನಮ್ಮ ತಲೆಯಲ್ಲಿ ಒಂದರೊಳಗೊಂದು ಬೆರೆತುಹೋಗುತ್ತವೆ. ಇಟ್ಟಿಗೆಯ ರಾಶಿಯ ನಡುವೆ ಅಲೆಯುವ ಹುಡುಗ ರೊಸೆಲ್ಲಿನಿಯವರ ‘ಜರ್ಮನಿ ಇಯರ್ ಝೀರೋ’ದಲ್ಲೂ ಇದ್ದಾನೆ. ಅದೂ 1948ರದ್ದೇ. ಆದರೆ ಅದು ಬರ್ಲಿನ್ ನಗರದ ಕಥೆ, ಹುಡುಗ ಜರ್ಮನ್, ಅವನಿಗೆ ಯಾವ ಸೈನಿಕನೂ ಇಂಗ್ಲಿಷ್ ಕಲಿಸುವುದಿಲ್ಲ. ಅದರ ಕೊನೆಯನ್ನು ಒಮ್ಮೆ ನೋಡಿದವರು ತಾಯಿ ಸಿಕ್ಕಳೋ ಇಲ್ಲವೋ ಎಂದು ಜಗಳವಾಡಲಾರರು, ಅಷ್ಟು ಕರಾಳ. ರೆನೆ ಕ್ಲೆಮಾನ್ ಅವರ ‘ಫರ್ಬಿಡನ್ ಗೇಮ್ಸ್’ 1952ರದ್ದು, ಅದರ ಕೇಂದ್ರದಲ್ಲಿರುವುದು ಪುಟ್ಟ ಹುಡುಗಿ. ಸ್ಪೀಲ್‌ಬರ್ಗ್ ಅವರ ‘ಎಂಪೈರ್ ಆಫ್ ದಿ ಸನ್’ನಲ್ಲಿ ಶಿಬಿರವೂ ಬೇಲಿಯೂ ತಾಯಿಯನ್ನು ಕಳೆದುಕೊಂಡ ಹುಡುಗನೂ ಇದ್ದಾರೆ ನಿಜ, ಆದರೆ ಅದು ಬಣ್ಣದ ಚಿತ್ರ, ತೆರೆಗೆ ಬಂದದ್ದು 1987ರಲ್ಲಿ. ನೀವು ಹೈಸ್ಕೂಲಿನಲ್ಲಿದ್ದಾಗ ಅದು ಹುಟ್ಟಿಯೇ ಇರಲಿಲ್ಲ. ಇವೆಲ್ಲಕ್ಕಿಂತ ಹೆಚ್ಚಾಗಿ, ‘ಏನು ಕೇಳಿದರೂ ಒಂದೇ ಉತ್ತರ’ ಎಂದು ಬರೆದಿರಲ್ಲ, ಆ ಗುರುತು ಬೇರೆ ಯಾವ ಚಿತ್ರಕ್ಕೂ ಸಲ್ಲುವುದಿಲ್ಲ.

ಈ ಹೆಸರಿನಿಂದ ಹುಡುಕುವಾಗ ಸ್ವಲ್ಪ ಎಚ್ಚರ ಬೇಕು. ‘ಹುಡುಕಾಟ’ ಎಂದು ಹೆಸರಿಟ್ಟುಕೊಂಡ ಚಿತ್ರವನ್ನು ಹುಡುಕುವುದೇ ದೊಡ್ಡ ಕಷ್ಟ. ಜಾನ್ ಫೋರ್ಡ್ ಅವರ 1956ರ ಕೌಬಾಯ್ ಚಿತ್ರ ‘ದಿ ಸರ್ಚರ್ಸ್’ ಮೊದಲು ಎದುರಾಗುತ್ತದೆ. ಬಳಿಕ ಫ್ರೆಂಚ್ ನಿರ್ದೇಶಕ ಮಿಷೆಲ್ ಹಝನವೀಸಿಯಸ್ 2014ರಲ್ಲಿ ಇದೇ ಹೆಸರಿನಲ್ಲಿ, ಇದೇ ಕಥೆಯ ಎಳೆ ಹಿಡಿದು, ಚೆಚೆನ್ಯಾದ ಯುದ್ಧಕ್ಕೆ ಒಗ್ಗಿಸಿ ಮಾಡಿದ ಚಿತ್ರ ಬರುತ್ತದೆ. ಅದನ್ನು ಹಾಕಿಕೊಂಡು ಕುಳಿತು ‘ಇದಲ್ಲ, ಇದಲ್ಲ’ ಎಂದು ಗೊಣಗಬೇಡಿ. 1948 ಎಂಬ ಇಸವಿಯನ್ನೂ ಮಾಂಟ್ಗೊಮರಿ ಕ್ಲಿಫ್ಟ್ ಎಂಬ ನಟನ ಹೆಸರನ್ನೂ ಸೇರಿಸಿ ಹುಡುಕಿ. ಜರ್ಮನ್ ಭಾಷೆಯಲ್ಲಿ ಇದಕ್ಕೆ ‘ಗುರುತು ಬಿದ್ದವರು’ ಎಂಬರ್ಥದ ಹೆಸರಿದೆ. ಹುಡುಗನ ತೋಳಿನ ಮೇಲೆ ನಾಜಿ ಶಿಬಿರದಲ್ಲಿ ಹಾಕಿದ ಹಚ್ಚೆಯ ಅಂಕಿ ಇರುವುದು ನೆನಪಿದ್ದರೆ ಆ ಹೆಸರಿನ ಅರ್ಥ ತಾನಾಗಿ ತಿಳಿಯುತ್ತದೆ. ನನ್ನನ್ನು ಕೇಳಿದರೆ ಇಂಗ್ಲಿಷಿಗಿಂತ ಅದೇ ಒಳ್ಳೆಯ ಹೆಸರು.

ಈಗ ಟೋಪಿಯ ವಿಷಯ.

ಚಿತ್ರ ಶುರುವಾಗುವುದು ರಾತ್ರಿಯ ರೈಲಿನಲ್ಲಿ. ಜರ್ಮನಿಯ ಅಮೆರಿಕನ್ ವಲಯದ ನಿಲ್ದಾಣವೊಂದಕ್ಕೆ ಗೂಡ್ಸ್ ಡಬ್ಬಿಗಳಲ್ಲಿ ತುಂಬಿ ತಂದ ಮಕ್ಕಳು. ದಿಕ್ಕಿಲ್ಲದ ಈ ಮಕ್ಕಳ ಹೆಸರು, ಊರು, ತಂದೆತಾಯಿಯರ ಸುಳಿವು ಬರೆದುಕೊಳ್ಳಲು ಉನ್ರಾ ಎಂಬ ಪರಿಹಾರ ಸಂಸ್ಥೆಯ ಮಹಿಳೆಯರು ಕುಳಿತಿದ್ದಾರೆ. ಕರೆಲ್ ಎಂಬ ಹುಡುಗನ ಸರದಿ ಬಂದಾಗ ಅವನು ಹೇಳುವುದು ‘ಇಖ್ ವೈಸ್ ನಿಖ್ಟ್’, ಜರ್ಮನ್ ಭಾಷೆಯಲ್ಲಿ ‘ನನಗೆ ಗೊತ್ತಿಲ್ಲ’. ಹೆಸರು? ಗೊತ್ತಿಲ್ಲ. ಊರು? ಗೊತ್ತಿಲ್ಲ. ನಿಮ್ಮ ಕಿವಿಯಲ್ಲಿ ಇಷ್ಟು ವರ್ಷ ಉಳಿದದ್ದು ಆ ಮಾತು.

ಮಾರನೆಯ ದಿನ ಮಕ್ಕಳನ್ನು ಬೇರೊಂದು ಶಿಬಿರಕ್ಕೆ ಸಾಗಿಸಬೇಕು. ಬಂದು ನಿಂತದ್ದು ಆಂಬುಲೆನ್ಸ್ ವಾಹನಗಳು. ದೊಡ್ಡವರ ಕಣ್ಣಿಗೆ ಅದು ಆರೈಕೆಯ ಗಾಡಿ, ಮಕ್ಕಳ ಕಣ್ಣಿಗೆ ಸಾವಿನ ಗಾಡಿ. ದಾರಿಯಲ್ಲಿ ಇಂಜಿನ್ನಿನ ಹೊಗೆಯ ವಾಸನೆ ಒಳಗೆ ಬಂದದ್ದೇ ತಡ, ನಮ್ಮನ್ನು ಕೊಲ್ಲಲು ಒಯ್ಯುತ್ತಿದ್ದಾರೆ ಎಂದು ಕಿರುಚಿ, ಬಾಗಿಲು ಒಡೆದು ಚೆಲ್ಲಾಪಿಲ್ಲಿಯಾಗಿ ಓಡುತ್ತಾರೆ. ಕರೆಲ್ ಮತ್ತು ರೌಲ್ ಎಂಬ ಇನ್ನೊಬ್ಬ ಹುಡುಗ ನದಿಗೆ ಬೀಳುತ್ತಾರೆ. ರೌಲ್ ಮುಳುಗುತ್ತಾನೆ. ಕರೆಲ್ ಜೊಂಡಿನಲ್ಲಿ ಅಡಗಿ ಬದುಕುತ್ತಾನೆ. ನೀರಿನಲ್ಲಿ ಸಿಕ್ಕ ಕರೆಲ್‌ನ ಟೋಪಿ ನೋಡಿ ಅಧಿಕಾರಿಗಳು ಇಬ್ಬರೂ ಸತ್ತರು ಎಂದುಕೊಳ್ಳುತ್ತಾರೆ. ಮಗನನ್ನು ಹುಡುಕುತ್ತ ಶಿಬಿರದಿಂದ ಶಿಬಿರಕ್ಕೆ ನಡೆದು ಬರುವ ತಾಯಿಗೂ ಅದೇ ಸುದ್ದಿ ಸಿಗುತ್ತದೆ. ಅಂದರೆ ನಿಮ್ಮ ಅಣ್ಣ ನಂಬಿರುವುದನ್ನೇ ಚಿತ್ರದೊಳಗಿನ ಅಧಿಕಾರಿಗಳೂ ನಂಬಿದ್ದರು. ಅಂಗಳದ ಪಂಚೆಯ ಮೇಲೆ, ರೀಲು ಬದಲಿಸುವಾಗಿನ ಗದ್ದಲದ ನಡುವೆ, ಅರ್ಥವಾಗದ ಭಾಷೆಯಲ್ಲಿ ನೋಡಿದ ಹುಡುಗರಿಗೆ ಹಾಗನ್ನಿಸಿದ್ದರಲ್ಲಿ ತಪ್ಪೇನೂ ಇಲ್ಲ.

ಆ ಆಂಬುಲೆನ್ಸಿನ ದೃಶ್ಯ ಅತಿರೇಕ ಎಂದು ಹೇಳುವವರನ್ನು ಕಂಡಿದ್ದೇನೆ. ಅದು ಅತಿರೇಕವಲ್ಲ. ಪೋಲೆಂಡಿನ ಹೆಲ್ಮ್ನೊ ಎಂಬಲ್ಲಿ 1941ರ ಡಿಸೆಂಬರ್‌ನಿಂದ ನಾಜಿಗಳು ಮುಚ್ಚಿದ ವ್ಯಾನುಗಳಲ್ಲಿ ಜನರನ್ನು ತುಂಬಿ, ಇಂಜಿನ್ನಿನ ಹೊಗೆಯನ್ನು ಒಳಕ್ಕೆ ತಿರುಗಿಸಿ ಕೊಂದರು. ಆಷ್‌ವಿಟ್ಸ್ ಎಂಬ ನಾಜಿ ಶಿಬಿರದಲ್ಲಿ ವಿಷಾನಿಲದ ಡಬ್ಬಿಗಳನ್ನು ತರುತ್ತಿದ್ದದ್ದು ರೆಡ್ ಕ್ರಾಸ್ ಗುರುತಿನ ವಾಹನದಲ್ಲಿ ಎಂದು ಬದುಕುಳಿದವರು ಸಾಕ್ಷಿ ಹೇಳಿದ್ದಾರೆ. ಆ ಮಕ್ಕಳು ಗಾಬರಿಗೊಂಡದ್ದು ಕಲ್ಪನೆಯಿಂದಲ್ಲ, ಅನುಭವದಿಂದ. ಗಾಡಿಯ ಹೊರಮೈ ಮೇಲೆ ಏನು ಬರೆದಿದೆ ಎಂಬುದನ್ನು ನಂಬದಿರುವುದೇ ಅವರನ್ನು ಅಲ್ಲಿಯವರೆಗೆ ಉಳಿಸಿತ್ತು.

‘ನನಗೆ ಗೊತ್ತಿಲ್ಲ’ ಎಂಬ ಮಾತನ್ನೂ ಹೀಗೆಯೇ ನೋಡಬೇಕು. ಮೊದಲ ಸಲ ನೋಡಿದಾಗ ನಾನು ಅದನ್ನು ಮರೆವು ಎಂದುಕೊಂಡಿದ್ದೆ. ಪಾಪ, ಹುಡುಗನ ತಲೆ ಖಾಲಿಯಾಗಿದೆ ಎಂದು. ಬಹಳ ಕಾಲದ ಮೇಲೆ ಮತ್ತೆ ನೋಡಿದಾಗ ಅದು ಮರೆವಿನ ಜೊತೆಗೆ ಬುದ್ಧಿವಂತಿಕೆಯೂ ಹೌದು ಎನ್ನಿಸಿತು. ಮೇಜಿನ ಹಿಂದೆ ಸಮವಸ್ತ್ರ ತೊಟ್ಟು ಕುಳಿತವರು ಹೆಸರು, ವಯಸ್ಸು, ತಂದೆಯ ಉದ್ಯೋಗ ಕೇಳಿ ಬರೆದುಕೊಂಡ ಮೇಲೆ ಏನಾಗುತ್ತದೆ ಎಂಬುದನ್ನು ಆ ಹುಡುಗ ಕಂಡಿದ್ದಾನೆ. ಉನ್ರಾದ ಮಹಿಳೆಯರು ಕರುಣೆಯಿಂದಲೇ ಕೇಳುತ್ತಾರೆ, ಆದರೆ ಅವರದ್ದೂ ಸಮವಸ್ತ್ರ, ಅವರದ್ದೂ ಮೇಜು, ಅವರ ಕೈಯಲ್ಲೂ ಪಟ್ಟಿ. ಗೊತ್ತಿಲ್ಲ ಎಂದವನನ್ನು ಯಾವ ಪಟ್ಟಿಗೂ ಸೇರಿಸಲಾಗದು. ಆ ಮಾತು ಅವನ ಬಾಯಿಂದ ಬರುವುದು ಜರ್ಮನ್ ಭಾಷೆಯಲ್ಲಿ ಎಂಬುದನ್ನೂ ಗಮನಿಸಿ. ಅವನು ಚೆಕ್ ಹುಡುಗ. ವೈದ್ಯ ತಂದೆ, ಸಂಗೀತವಿದ್ದ ಮನೆ. ಆ ಮನೆಯ ಮಾತು ಹೋಗಿದೆ, ಶಿಬಿರದ ಕಾವಲುಗಾರರ ಮಾತಿನಲ್ಲಿ ಒಂದೇ ವಾಕ್ಯ ಉಳಿದಿದೆ. ಆಮೇಲೆ ಸೈನಿಕ ಸ್ಟೀವ್ ಅವನಿಗೆ ಮೂರನೆಯದೊಂದು ಭಾಷೆ ಕಲಿಸುತ್ತಾನೆ, ಹೆಸರು ತಿಳಿಯದ್ದರಿಂದ ‘ಜಿಮ್’ ಎಂದು ಕರೆಯುತ್ತಾನೆ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಡಿ ಬೆಳೆದ ನಿಮ್ಮ ಕಡೆಯವರಿಗೆ ಇದು ಬೇಗ ಹೊಳೆಯುತ್ತದೆ. ಇಂಗ್ಲಿಷ್ ಪಾಠದ ಆ ನಗುವಿನ ದೃಶ್ಯಗಳಲ್ಲಿ ಹುಡುಗನಿಗೆ ಏನೋ ಸಿಗುತ್ತಿದೆ ಎಂದು ಸಂತೋಷವಾಗುತ್ತದೆ. ಅವನು ಇನ್ನೂ ದೂರ ಹೋಗುತ್ತಿದ್ದಾನೆ ಎಂಬ ಸಂಕಟವೂ ಅದರ ಬೆನ್ನಿಗೇ ಬರುತ್ತದೆ. ತಾಯಿ ಹುಡುಕುತ್ತಿರುವುದು ಕರೆಲ್‌ನನ್ನು, ಇಲ್ಲಿ ಬೆಳೆಯುತ್ತಿರುವವನು ಜಿಮ್.

ಇನ್ನೊಂದು ಎಳೆ ನಿಮಗೆ ನೆನಪಿರಲಿಕ್ಕಿಲ್ಲ, ಆದರೆ ಇಡೀ ಚಿತ್ರದಲ್ಲಿ ನನ್ನನ್ನು ಹೆಚ್ಚು ಕಾಡುವುದು ಅದು. ‘ಕರೆಲ್ ಮಾಲಿಕ್’ ಎಂಬ ಹೆಸರಿನ ಮಗು ಇಲ್ಲಿ ಇದ್ದಾನೆ ಎಂದು ತಾಯಿಗೆ ಒಂದು ಶಿಬಿರದಲ್ಲಿ ತಿಳಿಯುತ್ತದೆ. ಓಡಿಬಂದು ನೋಡಿದರೆ ಬೇರೆ ಹುಡುಗ. ಅವನು ಯಹೂದಿ. ಹಾಜರಿ ಕೂಗುವಾಗ ಆ ಹೆಸರಿಗೆ ಯಾರೂ ಓಗೊಡದಿದ್ದಾಗ, ಬದುಕಿಕೊಳ್ಳಲು ತಾನೇ ಓಗೊಟ್ಟಿದ್ದ. ಒಬ್ಬ ಹುಡುಗ ಹೆಸರು ಮರೆತು ಉಳಿದ, ಇನ್ನೊಬ್ಬ ಅದೇ ಹೆಸರನ್ನು ತೊಟ್ಟುಕೊಂಡು ಉಳಿದ. ಆ ಹುಡುಗನ ಮುಂದೆ ನಿಂತ ತಾಯಿಯ ಮುಖವನ್ನು ಈ ಸಲ ನೋಡುವಾಗ ತಪ್ಪಿಸಬೇಡಿ. ಆ ಪಾತ್ರ ಮಾಡಿದವರು ಯಾರ್ಮಿಲಾ ನೊವೊಟ್ನಾ, ಚೆಕ್ ದೇಶದ ಪ್ರಖ್ಯಾತ ಅಪೆರಾ ಗಾಯಕಿ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಅಪೆರಾದಲ್ಲಿ ಹಾಡುತ್ತಿದ್ದವರು. ಗಾಯಕಿಯರು ನಟಿಸಿದಾಗ ಮುಖವನ್ನು ಕೊನೆಯ ಸಾಲಿನ ಪ್ರೇಕ್ಷಕನಿಗೂ ಕಾಣುವಂತೆ ಕುಣಿಸುವುದುಂಟು. ಇವರು ಹಾಗೆ ಮಾಡಲಿಲ್ಲ.

ಬೇಲಿ ಬರುವುದು ಎರಡು ಸಲ. ಮೊದಲ ಸಲ ನಾಜಿ ಶಿಬಿರದಲ್ಲಿ, ತಾಯಿ ಮಗ ಕೊನೆಯ ಬಾರಿ ಒಬ್ಬರನ್ನೊಬ್ಬರು ನೋಡುವಾಗ. ಎರಡನೆಯ ಸಲ, ಸ್ಟೀವ್‌ನ ಗೆಳೆಯನ ಹೆಂಡತಿ ಮತ್ತು ಮಗ ಅಮೆರಿಕದಿಂದ ಬಂದ ಮೇಲೆ. ಆ ಹುಡುಗ ಟಾಮಿ ತನ್ನ ತಾಯಿಯೊಡನೆ ಇರುವುದನ್ನು ನೋಡನೋಡುತ್ತ ಕರೆಲ್‌ನೊಳಗೆ ಏನೋ ಅಲುಗುತ್ತದೆ. ತನಗೂ ಒಬ್ಬಳು ಇದ್ದಳು, ಒಂದು ಬೇಲಿಯ ಆಚೆ. ಅಷ್ಟೇ ಗೊತ್ತು. ಬೇಲಿ ಸಿಕ್ಕರೆ ತಾಯಿ ಸಿಗುತ್ತಾಳೆ ಎಂಬ ಮಗುವಿನ ಲೆಕ್ಕ ಹಿಡಿದು ಸಂಜೆ ಮನೆ ಬಿಟ್ಟು ಹೋಗಿ, ಯಾವುದೋ ಕಾರ್ಖಾನೆಯ ಬೇಲಿಗೆ ಮುಖ ಒತ್ತಿ, ಕೆಲಸ ಮುಗಿಸಿ ಬರುವ ಹೆಂಗಸರ ಮುಖಗಳನ್ನು ಒಂದೊಂದಾಗಿ ನೋಡುತ್ತಾನೆ. ನಿಮ್ಮ ತಲೆಯಲ್ಲಿ ಉಳಿದ ಬೇಲಿ ಬಹುಶಃ ಇದೇ. ಅವನನ್ನು ಹುಡುಕಿ ಕರೆತಂದ ಸ್ಟೀವ್, ನಿನ್ನ ತಾಯಿ ಸತ್ತಿದ್ದಾಳೆ ಎಂದು ಹೇಳಬೇಕಾಗುತ್ತದೆ. ಅವನಿಗೆ ಸಿಕ್ಕ ಮಾಹಿತಿ ಹಾಗಿತ್ತು.

ಕೊನೆಯನ್ನು ಪೂರ್ತಿ ಹೇಳುವುದಿಲ್ಲ. ತಾಯಿ ರೈಲು ಹತ್ತಿ ಊರು ಬಿಡುವವಳಿದ್ದಾಳೆ, ಅದೇ ನಿಲ್ದಾಣಕ್ಕೆ ಇನ್ನೊಂದು ರೈಲಿನ ತುಂಬ ಮಕ್ಕಳು ಬಂದಿಳಿಯುತ್ತಾರೆ ಎಂಬಷ್ಟು ಸಾಕು. ಉಳಿದದ್ದನ್ನು ಅಣ್ಣನವರ ಪಕ್ಕದಲ್ಲಿ ಕುಳಿತು ನೋಡಿ.

ನಿಜವಾಗಿ ನಡೆದ ಕಥೆಯೇ ಎಂದು ಕೇಳಿದ್ದೀರಿ. ಕರೆಲ್ ಎಂಬ ಒಬ್ಬ ಹುಡುಗನ ಕಥೆಯಲ್ಲ. ಆದರೆ ಅದರಲ್ಲಿ ಕಟ್ಟಿದ ಸೆಟ್ಟಿಗಿಂತ ನಿಜವಾದ ನೆಲವೇ ಹೆಚ್ಚು. ತೆರೇಸ್ ಬಾನಿ ಎಂಬ ಛಾಯಾಗ್ರಾಹಕಿ 1943ರಲ್ಲಿ ಪ್ರಕಟಿಸಿದ ಯುರೋಪಿನ ಮಕ್ಕಳ ಚಿತ್ರಗಳ ಪುಸ್ತಕ ಈ ಯೋಚನೆಗೆ ಕಿಡಿ. ಹಣ ಹಾಕಿದ್ದು ಹಾಲಿವುಡ್ ಒಂದೇ ಅಲ್ಲ, ಝ್ಯೂರಿಕ್ ನಗರದ ಪ್ರೇಸೆನ್ಸ್ ಫಿಲ್ಮ್ ಎಂಬ ಸಣ್ಣ ಸ್ವಿಸ್ ಸಂಸ್ಥೆಯೂ ಸೇರಿತ್ತು. ಜಿನ್ನೆಮನ್ ನಿರಾಶ್ರಿತರ ಶಿಬಿರಗಳನ್ನು ಸುತ್ತಿ, ಮಕ್ಕಳನ್ನು ಕಂಡು, ಅವರು ಹೇಳಿದ್ದನ್ನು ಕೇಳಿ ಕಥೆಗೆ ಸೇರಿಸಿಕೊಂಡರು. ಚಿತ್ರೀಕರಣ ನಡೆದದ್ದು 1947ರಲ್ಲಿ, ನ್ಯೂರೆಂಬರ್ಗ್, ಮ್ಯೂನಿಕ್ ಮುಂತಾದ ಊರುಗಳ ನಿಜವಾದ ಭಗ್ನಾವಶೇಷಗಳ ನಡುವೆ. ಒಳಾಂಗಣದ ದೃಶ್ಯಗಳು ಮಾತ್ರ ಝ್ಯೂರಿಕ್‌ನಲ್ಲಿ. ನಿಮ್ಮ ನೆನಪಿನ ಇಟ್ಟಿಗೆಯ ರಾಶಿ ಯಾರೂ ಜೋಡಿಸಿಟ್ಟದ್ದಲ್ಲ. ಗುಂಪಿನಲ್ಲಿ ಕಾಣುವ ಮಕ್ಕಳಲ್ಲಿ ಅನೇಕರು ಶಿಬಿರಗಳಿಂದಲೇ ಬಂದವರು. ಆರಂಭದ ದೃಶ್ಯದಲ್ಲಿ ಕ್ಯಾಮೆರಾ ಕಡೆ ನೋಡುವ ಕೆಲವು ಮುಖಗಳಲ್ಲಿ ನಟನೆಯೇ ಇಲ್ಲ.

ಆ ಕಾಲದ ಏರ್ಪಾಡಿನ ಬಗ್ಗೆ ಎರಡು ಮಾತು ಹೇಳಿದರೆ ಚಿತ್ರ ಇನ್ನಷ್ಟು ತೆರೆದುಕೊಳ್ಳುತ್ತದೆ. ಉನ್ರಾ ಹುಟ್ಟಿದ್ದು 1943ರ ನವೆಂಬರ್‌ನಲ್ಲಿ, 44 ರಾಷ್ಟ್ರಗಳ ಒಪ್ಪಂದದಿಂದ. ಇನ್ನೂ ಸ್ವತಂತ್ರವಾಗದ ಭಾರತವೂ ಆ 44ರಲ್ಲಿ ಒಂದು. ಯುದ್ಧ ಮುಗಿದ ಮೇಲೆ ಜರ್ಮನಿಯಲ್ಲಿ ಮಕ್ಕಳನ್ನು ಹುಡುಕಲೆಂದೇ ಅದರೊಳಗೆ ಪ್ರತ್ಯೇಕ ತಂಡಗಳಿದ್ದವು. ಕೆಲವು ಮಕ್ಕಳನ್ನು ನಾಜಿಗಳು ಪೋಲೆಂಡಿನಿಂದ ಕದ್ದು ತಂದು, ಹೆಸರು ಬದಲಿಸಿ, ಜರ್ಮನ್ ಮನೆಗಳಿಗೆ ದತ್ತು ಕೊಟ್ಟಿದ್ದರು. ತಾವು ಯಾರೆಂದು ಆ ಮಕ್ಕಳಿಗೇ ತಿಳಿದಿರಲಿಲ್ಲ. ಬವೇರಿಯಾದ ಇಂಡರ್ಸ್‌ಡಾರ್ಫ್ ಎಂಬ ಹಳೆಯ ಮಠದಲ್ಲಿ 1945ರ ಜುಲೈನಿಂದ ಉನ್ರಾ ಒಂದು ಮಕ್ಕಳ ಕೇಂದ್ರ ನಡೆಸಿತು. ಅಲ್ಲಿನ ಮಕ್ಕಳು ತಮ್ಮ ಹೆಸರು ಬರೆದ ಹಲಗೆಯನ್ನು ಎದೆಗೆ ಹಿಡಿದು ನಿಂತ ಛಾಯಾಚಿತ್ರಗಳಿವೆ. ಯಾರಾದರೂ ಬಂಧುಗಳು ನೋಡಿ ಗುರುತಿಸಲಿ ಎಂದು ತೆಗೆಸಿದವು. ಕೆಲವರು ನಗುತ್ತಿದ್ದಾರೆ. ಇಂಥ ಹುಡುಕಾಟದಿಂದ ಬೆಳೆದ ಕಡತಗಳ ರಾಶಿ ಇವತ್ತಿಗೂ ಜರ್ಮನಿಯ ಬಾಟ್ ಆರೊಲ್ಸೆನ್ ಎಂಬ ಊರಿನಲ್ಲಿದೆ. 2007ರಲ್ಲಿ ಅದು ಸಂಶೋಧಕರಿಗೆ ತೆರೆಯಿತು. ಅಲ್ಲಿಗೆ ಈಗಲೂ ಜನ ತಂದೆಯ ಹೆಸರು, ಅಜ್ಜಿಯ ಹೆಸರು ಕೇಳಿಕೊಂಡು ಪತ್ರ ಬರೆಯುತ್ತಾರೆ.

ಮಕ್ಕಳನ್ನು ದಿಕ್ಕಾಪಾಲು ಮಾಡಿದ ಆ ಯುದ್ಧದ ಒಂದು ಎಳೆ ನಮ್ಮ ಪಕ್ಕದವರೆಗೂ ಚಾಚಿತ್ತು. ಸೋವಿಯತ್ ಒಕ್ಕೂಟಕ್ಕೆ ಗಡೀಪಾರಾಗಿ, ಅಲ್ಲಿಂದ ಹೊರಬಿದ್ದ ಪೋಲಿಷ್ ಮಕ್ಕಳಲ್ಲಿ ನೂರಾರು ಮಂದಿ 1942ರಿಂದ ಜಾಮ್‌ನಗರದ ಹತ್ತಿರದ ಬಾಲಾಚಡಿಯಲ್ಲಿ ಜಾಮ್ ಸಾಹೇಬ್ ದಿಗ್ವಿಜಯಸಿಂಹಜಿಯವರ ಆಶ್ರಯದಲ್ಲಿದ್ದರು. ಬೆಳಗಾವಿಗೆ ಹತ್ತಿರವೇ ಇರುವ ಕೊಲ್ಹಾಪುರದ ಬಳಿಯ ವಳಿವಡೆಯಲ್ಲಿ ಸುಮಾರು 5,000 ಪೋಲಿಷ್ ನಿರಾಶ್ರಿತರ ಒಂದು ಊರೇ ಇತ್ತು, ಹೆಚ್ಚಿನವರು ಹೆಂಗಸರು, ಮಕ್ಕಳು. ಇದಕ್ಕೂ ಚಿತ್ರಕ್ಕೂ ನೇರ ಸಂಬಂಧವಿಲ್ಲ. ಆದರೂ ನಮ್ಮವರು ಈ ಚಿತ್ರವನ್ನು ‘ಎಲ್ಲೋ ದೂರದ ಕಥೆ’ ಎಂದಾಗಲೆಲ್ಲ ನನಗೆ ವಳಿವಡೆ ನೆನಪಾಗುತ್ತದೆ.

ಇಷ್ಟು ಹೊಗಳಿದ ಮೇಲೆ ಚಿತ್ರದ ದೋಷಗಳನ್ನೂ ಹೇಳಬೇಕು. ಮೊದಲನೆಯದು, ಹಿನ್ನೆಲೆ ನಿರೂಪಣೆ. ಆರಂಭದಲ್ಲಿ ಒಂದು ಹೆಣ್ಣುದನಿ ನಮಗೆ ಕಾಣುತ್ತಿರುವುದನ್ನೇ ಮತ್ತೆ ಹೇಳುತ್ತದೆ, ಯಾವಾಗ ಮರುಗಬೇಕು ಎಂದೂ ಸೂಚಿಸುತ್ತದೆ. ಪ್ರೇಕ್ಷಕರನ್ನು ನಂಬದ ಯಾರೋ ಕೊನೆಗಳಿಗೆಯಲ್ಲಿ ಅಂಟಿಸಿದಂತಿದೆ. ದನಿಯನ್ನು ತಗ್ಗಿಸಿಕೊಂಡು ನೋಡಿದರೂ ಏನೂ ನಷ್ಟವಿಲ್ಲ. ಎರಡನೆಯದು, ಕೊನೆಯ ಕಾಕತಾಳೀಯ. ಒಂದೇ ನಿಲ್ದಾಣ, ಒಂದೇ ದಿನ, ನಿಮಿಷಗಳ ಅಂತರ. ಕಥೆ ಹೇಳುವವರ ಕೈ ಅಲ್ಲಿ ಎದ್ದು ಕಾಣುತ್ತದೆ. ಇದನ್ನು ಮಾತ್ರ ನಾನು ಕ್ಷಮಿಸುತ್ತೇನೆ, ಏಕೆಂದರೆ ಆ ದಿನಗಳಲ್ಲಿ ಒಬ್ಬರಿಗೊಬ್ಬರು ಸಿಕ್ಕವರು ಸಿಕ್ಕದ್ದೂ ಬಹುಪಾಲು ಹೀಗೆಯೇ, ಯಾವುದೋ ಪಟ್ಟಿಯಲ್ಲಿ ಕಣ್ಣಿಗೆ ಬಿದ್ದು, ಯಾವುದೋ ಸರದಿಯಲ್ಲಿ ಪಕ್ಕದಲ್ಲಿ ನಿಂತು.

ಮೂರನೆಯದನ್ನು ಕ್ಷಮಿಸುವುದು ಕಷ್ಟ. ಹಚ್ಚೆಯ ಅಂಕಿ ಹಾಕುತ್ತಿದ್ದದ್ದು ಆಷ್‌ವಿಟ್ಸ್ ಶಿಬಿರದಲ್ಲಿ ಮಾತ್ರ. ಅಲ್ಲಿಗೆ ಸಾಗಿಸಲಾದ ಮಕ್ಕಳು ಮತ್ತು ಹದಿಹರೆಯದವರ ಸಂಖ್ಯೆ ಸುಮಾರು 2,32,000 ಎಂದು ಆಷ್‌ವಿಟ್ಸ್ ಸ್ಮಾರಕ ಸಂಗ್ರಹಾಲಯದ ಅಂದಾಜು. 1945ರ ಜನವರಿ 27ರಂದು ಶಿಬಿರ ಬಿಡುಗಡೆಯಾದಾಗ ಅಲ್ಲಿ ಜೀವಂತವಾಗಿದ್ದ ಮಕ್ಕಳು 700ಕ್ಕೆ ತುಸು ಹೆಚ್ಚು. ಯಹೂದಿ ಮಕ್ಕಳಲ್ಲಿ ಹೆಚ್ಚಿನವರಿಗೆ ಅಂಕಿ ಹಾಕುವಷ್ಟು ಹೊತ್ತೂ ಸಿಗಲಿಲ್ಲ, ರೈಲಿನಿಂದ ನೇರ ವಿಷಾನಿಲದ ಕೋಣೆಗೆ. ಚೆಕ್ ಯಹೂದಿಗಳ ಕುಟುಂಬಗಳನ್ನು ಕೆಲವು ತಿಂಗಳು ಒಟ್ಟಿಗೆ ಇರಿಸಿದ್ದ ಒಂದು ವಿಭಾಗ ಅಲ್ಲಿತ್ತು. 1944ರ ಮಾರ್ಚ್ ತಿಂಗಳ ಒಂದೇ ರಾತ್ರಿ ಅಲ್ಲಿಯ ಸುಮಾರು 3,800 ಮಂದಿಯನ್ನು ಕೊಂದರು, ಜುಲೈನಲ್ಲಿ ಉಳಿದವರಲ್ಲಿ ಬಹುತೇಕರನ್ನು. ಈ ಅಂಕಿಗಳ ಎದುರು ಇಟ್ಟು ನೋಡಿದರೆ ಕರೆಲ್ ಮತ್ತು ಅವನ ತಾಯಿ ಇಬ್ಬರೂ ಬದುಕುವುದು ವಿರಳದಲ್ಲಿ ವಿರಳ. ಚಿತ್ರ ತನ್ನ ಮುಖ್ಯ ಕುಟುಂಬವನ್ನು ಯಹೂದಿ ಎಂದು ಹೇಳದೆ, ಯಹೂದಿ ಮಗುವನ್ನು ಉಪಕಥೆಗೆ ಸರಿಸಿತು. 1948ರ ಪ್ರೇಕ್ಷಕರಿಗೆ ಅದಕ್ಕಿಂತ ಹೆಚ್ಚು ಹೇಳುವ ಧೈರ್ಯ ನಿರ್ಮಾಪಕರಿಗೆ ಇರಲಿಲ್ಲವೇನೋ. ಆ ಸರಿಸುವಿಕೆ ಮಾಡಿದ ನಿರ್ದೇಶಕ ಯಾರು ಎಂದು ಯೋಚಿಸಿದಾಗ ನನ್ನ ಬಾಯಿ ಕಟ್ಟುತ್ತದೆ. ಜಿನ್ನೆಮನ್ ಹುಟ್ಟಿದ್ದು 1907ರಲ್ಲಿ, ಬೆಳೆದದ್ದು ವಿಯೆನ್ನಾದ ಯಹೂದಿ ಮನೆಯಲ್ಲಿ, ಅಮೆರಿಕಕ್ಕೆ ಹೋದದ್ದು 1929ರಲ್ಲಿ. ಹಿಂದೆ ಉಳಿದ ತಂದೆತಾಯಿ ಇಬ್ಬರನ್ನೂ ನಾಜಿಗಳು ಕೊಂದರು. ಅವರಿಗೆ ಯಾವ ನಿಲ್ದಾಣದಲ್ಲೂ ಯಾರೂ ಸಿಗಲಿಲ್ಲ.

ಸೈನಿಕನ ಪಾತ್ರದ ಮಾಂಟ್ಗೊಮರಿ ಕ್ಲಿಫ್ಟ್ ಅವರಿಗೆ ಇದು ತೆರೆಕಂಡ ಮೊದಲ ಚಿತ್ರ. ‘ರೆಡ್ ರಿವರ್’ನಲ್ಲಿ ಅದಕ್ಕೂ ಮೊದಲೇ ನಟಿಸಿದ್ದರೂ ಅದು ಹೊರಬಂದದ್ದು ಆಮೇಲೆ. ಅವರು ಅಮೆರಿಕನ್ ಸೈನಿಕರ ಜೊತೆ ಇದ್ದು, ಅವರ ಬಟ್ಟೆ ತೊಟ್ಟು, ಅವರು ನಿಲ್ಲುವ ಕೂರುವ ರೀತಿ ಕಲಿತರು. ತಮ್ಮ ಸಂಭಾಷಣೆಯನ್ನು ತಾವೇ ತಿದ್ದಿ ಬರೆದುಕೊಂಡು ನಿರ್ಮಾಪಕರ ಜೊತೆ ಜಗಳವನ್ನೂ ಕಟ್ಟಿಕೊಂಡರು. ಚಿತ್ರ ನೋಡಿದ ಯಾರೋ ಜಿನ್ನೆಮನ್ ಅವರನ್ನು ‘ಇಷ್ಟು ಚೆನ್ನಾಗಿ ನಟಿಸಬಲ್ಲ ಸೈನಿಕ ಎಲ್ಲಿ ಸಿಕ್ಕ?’ ಎಂದು ಕೇಳಿದರಂತೆ. ಹುಡುಗನ ಮುಂದೆ ಕುಳಿತಾಗ ಅವರು ಎಲ್ಲಿಯೂ ಮಗುವನ್ನು ಮುದ್ದು ಮಾಡುವ ದೊಡ್ಡವರ ದನಿ ತೆಗೆಯುವುದಿಲ್ಲ. ಸಿಟ್ಟು ಬರುತ್ತದೆ, ಬೇಸರ ಬರುತ್ತದೆ, ಪಾಠ ಹೇಳಿಕೊಡುವಾಗ ತಾಳ್ಮೆ ತಪ್ಪುತ್ತದೆ. ಆ ವರ್ಷದ ಶ್ರೇಷ್ಠ ನಟ ವಿಭಾಗದ ಆಸ್ಕರ್‌ಗೆ ಅವರ ಹೆಸರಿತ್ತು. ಗೆದ್ದವರು ‘ಹ್ಯಾಮ್ಲೆಟ್’ ಮಾಡಿದ ಲಾರೆನ್ಸ್ ಒಲಿವಿಯೆ. ‘ದಿ ಸರ್ಚ್’ ಚಿತ್ರಕ್ಕೆ ಸಿಕ್ಕದ್ದು ಕಥೆಯ ಪ್ರಶಸ್ತಿ, ರಿಚರ್ಡ್ ಶ್ವೈಟ್ಸರ್ ಮತ್ತು ಡೇವಿಡ್ ವೆಕ್ಸ್ಲರ್ ಅವರ ಹೆಸರಿನಲ್ಲಿ. ಜೊತೆಗೆ ಬಾಲನಟನಿಗೆ ಕೊಡುವ ವಿಶೇಷ ಆಸ್ಕರ್.

ಆ ಬಾಲನಟನೇ ನೀವು ಕೇಳಿದ ಹುಡುಗ. ಹೆಸರು ಇವಾನ್ ಯಾಂಡ್ಲ್. 1937ರಲ್ಲಿ ಪ್ರಾಗ್ ನಗರದಲ್ಲಿ ಹುಟ್ಟಿದವನು, ಅಲ್ಲಿನ ರೇಡಿಯೊದ ಮಕ್ಕಳ ತಂಡದಲ್ಲಿದ್ದವನು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಸಾಲುಗಳನ್ನು ಕೇವಲ ಸದ್ದಿನಂತೆ ಬಾಯಿಪಾಠ ಮಾಡಿ ಹೇಳಿದ. ನಾವು ಶಾಲೆಯಲ್ಲಿ ಅರ್ಥ ತಿಳಿಯದೆ ಇಂಗ್ಲಿಷ್ ಪದ್ಯ ಒಪ್ಪಿಸುತ್ತಿದ್ದೆವಲ್ಲ, ಹಾಗೆ. ಚಿತ್ರದಲ್ಲಿ ಅವನು ಒಂದೊಂದು ಪದವನ್ನೂ ನಾಲಗೆಯ ಮೇಲೆ ಹೊರಳಿಸಿ, ಇದು ಸರಿಯೇ ಎಂಬಂತೆ ಸ್ಟೀವ್‌ನ ಮುಖ ನೋಡುತ್ತಾನೆ. ಅದರಲ್ಲಿ ನಟನೆ ಎಷ್ಟು, ನಿಜವಾದ ಪರದಾಟ ಎಷ್ಟು ಎಂದು ಬಿಡಿಸಿ ಹೇಳಲು ನನಗೆ ಈವರೆಗೂ ಆಗಿಲ್ಲ.

ಚಿತ್ರ ತೆರೆಗೆ ಬರುವ ಹೊತ್ತಿಗೆ, 1948ರ ಫೆಬ್ರವರಿಯಲ್ಲಿ, ಚೆಕೊಸ್ಲೊವಾಕಿಯಾದಲ್ಲಿ ಕಮ್ಯುನಿಸ್ಟರು ಅಧಿಕಾರ ಹಿಡಿದಿದ್ದರು. 1949ರ ಮಾರ್ಚ್‌ನಲ್ಲಿ ಆಸ್ಕರ್ ಘೋಷಣೆಯಾದಾಗ ಹುಡುಗನಿಗೆ ಅಮೆರಿಕಕ್ಕೆ ಹೋಗಲು ಅನುಮತಿ ಸಿಗಲಿಲ್ಲ. ಪುಟ್ಟ ಪ್ರತಿಮೆ ಆಮೇಲೆ ಪ್ರಾಗ್‌ಗೆ ಬಂತು. ಆ ಬಳಿಕ ಅವನು ಕೆಲವೇ ಚೆಕ್ ಚಿತ್ರಗಳಲ್ಲಿ ಕಾಣಿಸಿಕೊಂಡ. ಅಮೆರಿಕದ ಚಿತ್ರದ ಹುಡುಗ ಎಂಬ ಹಣೆಪಟ್ಟಿ ಆ ಕಾಲದಲ್ಲಿ ವರವಾಗಲಿಲ್ಲ. ನಾಟಕಶಾಲೆಯ ಬಾಗಿಲೂ ಅವನಿಗೆ ತೆರೆಯಲಿಲ್ಲ. ಮುಂದೆ ರೇಡಿಯೊದಲ್ಲಿ ಕೆಲಸ ಮಾಡಿದರು. 1987ರ ನವೆಂಬರ್‌ನಲ್ಲಿ, 50ನೆಯ ವಯಸ್ಸಿನಲ್ಲಿ ತೀರಿಕೊಂಡರು. ನೀವು ಅಂಗಳದಲ್ಲಿ ಕುಳಿತು ಆ ಹುಡುಗನನ್ನು ನೋಡಿದ ರಾತ್ರಿ ಅವರು ನಲವತ್ತು ದಾಟಿದ ಮನುಷ್ಯ.

ಅಂಥದ್ದೊಂದು ಚಿತ್ರ ಸಾಗರದ ಹತ್ತಿರದ ಶಾಲೆಯ ಅಂಗಳಕ್ಕೆ ಹೇಗೆ ಬಂತು ಎಂದು ನೀವು ಕೇಳಿಲ್ಲ, ನನಗೇ ಹೇಳುವ ಚಪಲ. ಅದು ಚಿತ್ರಸಮಾಜಗಳ ಕಾಲ. ಕೆ.ವಿ. ಸುಬ್ಬಣ್ಣನವರು ಹೆಗ್ಗೋಡಿನಲ್ಲಿ ನೀನಾಸಂ ಚಿತ್ರಸಮಾಜ ಕಟ್ಟಿದ್ದು 1973ರಲ್ಲಿ. ಪುಣೆಯ ಚಲನಚಿತ್ರ ಭಂಡಾರದಿಂದ, ವಿದೇಶಿ ರಾಯಭಾರ ಕಚೇರಿಗಳಿಂದ 16 ಎಂ.ಎಂ. ಪ್ರತಿಗಳು ಡಬ್ಬಿಗಳಲ್ಲಿ ಬಸ್ಸೇರಿ ಊರೂರು ಸುತ್ತುತ್ತಿದ್ದವು. ನಿಮ್ಮ ಊರಿಗೆ ಬಂದ ಡಬ್ಬಿ ಯಾವ ದಾರಿಯಿಂದ ಬಂತೋ, ಆ ದಾರಿಗಳೆಲ್ಲ ಆಗ ಇದ್ದವು. ಪ್ರಾಜೆಕ್ಟರ್ ನಡೆಸುವವರು ರೀಲುಗಳನ್ನು ಹಿಂದುಮುಂದಾಗಿ ಹಾಕುವುದೂ, ಕೊನೆಯ ರೀಲು ಶುರುವಾಗುವ ಹೊತ್ತಿಗೆ ಕರೆಂಟು ಹೋಗುವುದೂ ಮಾಮೂಲು. ಅಣ್ಣನವರು ಟೋಪಿಯ ದೃಶ್ಯದ ಬಳಿಕ ನಿದ್ದೆ ಹೋಗಿದ್ದರೇ ಎಂದು ಒಮ್ಮೆ ಮೆಲ್ಲಗೆ ಕೇಳಿ ನೋಡಿ.

ಮೊಮ್ಮಗಳ ವಿಷಯ. ತೋರಿಸಬಹುದು, ಆದರೆ ಅವಳೊಬ್ಬಳನ್ನೇ ಕೂರಿಸಬೇಡಿ. ರಕ್ತ, ಹೆಣ, ಹೊಡೆದಾಟ ಯಾವುದೂ ಇಲ್ಲ. ಮಕ್ಕಳನ್ನು ಹೆದರಿಸುವುದು ಎರಡೇ ಜಾಗ, ಆಂಬುಲೆನ್ಸ್ ಮತ್ತು ನದಿ. ಎರಡೂ ಚಿತ್ರದ ಮೊದಲ ಭಾಗದಲ್ಲೇ ಬಂದುಹೋಗುತ್ತವೆ. ಆ ಮಕ್ಕಳು ಗಾಡಿ ಕಂಡು ಏಕೆ ಅಷ್ಟು ಹೆದರಿದರು ಎಂದು ಅವಳು ಕೇಳಿಯೇ ಕೇಳುತ್ತಾಳೆ. ಅದಕ್ಕೆ ಒಂಬತ್ತು ವರ್ಷದವಳಿಗೆ ಎಷ್ಟು ಹೇಳಬೇಕೋ ಅಷ್ಟು ಮೊದಲೇ ಯೋಚಿಸಿಟ್ಟುಕೊಳ್ಳಿ. ‘ಹಿಂದೆ ಅಂಥ ಗಾಡಿಯಲ್ಲಿ ಅವರ ಮನೆಯವರನ್ನು ಕರೆದೊಯ್ದು ವಾಪಸು ಕಳಿಸಲಿಲ್ಲ’ ಎಂದರೆ ಸುಳ್ಳೂ ಆಗುವುದಿಲ್ಲ, ಭಾರವೂ ಆಗುವುದಿಲ್ಲ. ಉಪಶೀರ್ಷಿಕೆಗಳನ್ನು ಓದಿ ಹೇಳುವ ಕೆಲಸ ನಿಮ್ಮದು. ಸಂದರ್ಶನದ ದೃಶ್ಯದಲ್ಲಿ ಮಾತ್ರ ಸುಮ್ಮನಿರಿ. ಮಕ್ಕಳು ತಮ್ಮ ತಮ್ಮ ಭಾಷೆಯಲ್ಲಿ ಹೇಳುವುದು ಅರ್ಥವಾಗದೆ ದುಭಾಷಿಯ ಬಾಯಿ ನೋಡುವ ಅವಸ್ಥೆ ಅವಳಿಗೂ ಸ್ವಲ್ಪ ತಿಳಿಯಲಿ. ಚಿತ್ರ ಡಿವಿಡಿಯಾಗಿಯೂ ಬಂದಿದೆ, ಒಂದೂ ಮುಕ್ಕಾಲು ಗಂಟೆಯಷ್ಟು ಉದ್ದ.

ಅಣ್ಣನವರನ್ನು ಕೂರಿಸಿಕೊಂಡಾಗ ನದಿಯ ದೃಶ್ಯ ಬಂದ ಕೂಡಲೇ ‘ನೋಡು, ಮುಳುಗಿದವನು ಇವನು’ ಎಂದು ಬೆರಳು ತೋರಿಸುವ ಆಸೆಯನ್ನು ಹಿಡಿದಿಟ್ಟುಕೊಳ್ಳಿ. ಅವನ ಹೆಸರು ರೌಲ್. ಅವನನ್ನು ಹುಡುಕಿಕೊಂಡು ಆ ಚಿತ್ರದಲ್ಲಿ ಯಾರೂ ಬರುವುದಿಲ್ಲ. ಇಷ್ಟು ವರ್ಷ ಅವನನ್ನು ನೆನಪಿಟ್ಟುಕೊಂಡವರು ನಿಮ್ಮ ಮನೆಯಲ್ಲಿ ಅವರೊಬ್ಬರೇ.